ಮೊಣಕೈ ಕಾಪು

ಹಳೆರಸ್ತೆ ಸಂಗ್ರಹಶಾಲೆ, ರಾಣೆಬೆನ್ನೂರು
ಕಡಿವಾಣದ ನೂರಾ ಹದಿನಾಲ್ಕನೆಯ ವರ್ಷ, ಹೊಂಗೆ ಹೂವಿನ ತಿಂಗಳು, ಎರಡನೆಯ ನಡೆವಾರ

ಹಿರಿಯರೇ,

ಮೇಲಿನ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ, ಹುಡುಕಬೇಡಿ. ನಿಮ್ಮ ಲೆಕ್ಕದಲ್ಲಿ ಇದು ಎರಡು ಸಾವಿರದ ನೂರಾ ಎಂಬತ್ತರ ಆಸುಪಾಸು ಎಂದು ನಮ್ಮ ಕೆಲವು ಪಂಡಿತರು, ಅಲ್ಲ, ಇನ್ನೂ ಇಪ್ಪತ್ತು ವರ್ಷ ಮುಂದೆ ಎಂದು ಇನ್ನು ಕೆಲವರು ಜಗಳವಾಡುತ್ತಾರೆ. ಜಗಳ ಮುಗಿಯುವವರೆಗೆ ಕಾಯುವಷ್ಟು ಆಯುಷ್ಯ ನನಗೆ ಉಳಿದಿಲ್ಲ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ರಸ್ತೆ ಬದಿಯ ಫಲಕಗಳಿಂದ, ಲಾರಿಗಳ ಹಿಂಬದಿಯ ಬರಹದಿಂದ, ಹರಿದ ದಿನಪತ್ರಿಕೆಗಳ ಚೂರುಗಳಿಂದ. ಆದ್ದರಿಂದ ಎಲ್ಲೋ ಒಂದು ಕಡೆ 'ಮುಂದೆ ತಿರುವು ಇದೆ' ಎಂಬ ಧಾಟಿಯಲ್ಲೂ, ಇನ್ನೊಂದು ಕಡೆ 'ತಾಯಿಯ ಆಶೀರ್ವಾದ' ಎಂಬ ಧಾಟಿಯಲ್ಲೂ ಬರೆದುಬಿಡುತ್ತೇನೆ.

ನನ್ನ ಹೆಸರು ಇಂಚರಾ. ನಿಮ್ಮಲ್ಲಿ ಇದು ಶಾಲೆಗೆ ಹೋಗುವ ಹುಡುಗಿಯರ ಹೆಸರಂತೆ. ನಮ್ಮಲ್ಲಿ ಹಲ್ಲು ಬಿದ್ದ ಅಜ್ಜಿಯರಿಗೆ ಮಾತ್ರ ಉಳಿದಿದೆ. ಈಗಿನ ಹುಡುಗಿಯರು ಮತ್ತೆ ದ್ಯಾಮವ್ವ, ಕೆಂಚವ್ವ, ಹೊಳೆವ್ವ. ನನ್ನ ಸೊಸೆಯ ಹೆಸರೂ ದ್ಯಾಮವ್ವನೇ. ಮೊದಲ ಸಲ ನಮ್ಮ ಮನೆಗೆ ಬಂದಾಗ "ಇಂಚರಾ ಅಂದ್ರ ಭಾಳ ಹಳೇ ಕಾಲದ ಹೆಸರು ಅಲ್ರೀ ಅತ್ತಿ" ಎಂದು ನಕ್ಕಿದ್ದಳು. ಈ ಓಲೆ ಅರ್ಧ ನನ್ನದು, ಅರ್ಧ ಅವಳದು.

ಇಲ್ಲಿ ನಾವು ಕ್ಷೇಮ. ನಿಮ್ಮ ಕ್ಷೇಮವನ್ನು ಕೇಳಲು ಬಾಯಿ ಬರುವುದಿಲ್ಲ, ಏಕೆಂದರೆ ನಿಮ್ಮ ದೇಶದ ರಸ್ತೆಗಳಲ್ಲಿ ವರ್ಷಕ್ಕೆ ಲಕ್ಷಕ್ಕೂ ಮೀರಿ ಜನ ಸಾಯುತ್ತಿದ್ದರು ಎಂದು ನನಗೆ ಗೊತ್ತು. ಅದು ನಿಮಗೂ ಗೊತ್ತಿತ್ತು, ಪತ್ರಿಕೆಯಲ್ಲಿ ನೀವೇ ಅಚ್ಚು ಹಾಕಿಸಿದ್ದಿರಿ. ಒಳಗಿನ ಪುಟದಲ್ಲಿ, ಹವಾಮಾನದ ಪಕ್ಕದಲ್ಲಿ.

ಮೊದಲು ನಮ್ಮ ಕಾಲದ ಒಂದೆರಡು ಮಾತುಗಳ ಅರ್ಥ ಹೇಳಿಬಿಡುತ್ತೇನೆ. ನಡೆವಾರವೆಂದರೆ ಗಾಲಿಗಳಿಗೆ ರಜೆ ಇರುವ ದಿನ, ಹತ್ತು ದಿನಕ್ಕೊಮ್ಮೆ ಬರುತ್ತದೆ. ಅಂದು ಬೀಗರ ಮನೆಗೂ ನಡೆದೇ ಹೋಗಬೇಕು. ಹೋಗಲು ಮನಸ್ಸಿಲ್ಲದವರಿಗೆ ಅದೇ ಒಳ್ಳೆಯ ನೆಪ. ಕಡಿವಾಣವೆಂದರೆ ಪ್ರತಿ ಬಂಡಿಯ ಹೊಟ್ಟೆಯೊಳಗೆ ಕೂರಿಸಿದ ಸಣ್ಣ ಯಂತ್ರ. ರಸ್ತೆ ಎಷ್ಟು ಹೇಳುತ್ತದೋ ಬಂಡಿ ಅಷ್ಟೇ ವೇಗದಲ್ಲಿ ಓಡುತ್ತದೆ, ಓಡಿಸುವವರು ಎಷ್ಟು ಕಾಲು ಒತ್ತಿದರೂ ಅಷ್ಟೇ. ಹೀಗೆ ರಸ್ತೆಯ ಮಾತು ಕೇಳುವುದರಿಂದ ಅದಕ್ಕೆ ಕೇಳುಬಂಡಿ ಎಂದು ಹೆಸರು. ಜನ ನಡೆದಾಡುವ ರಸ್ತೆಯಲ್ಲಿ ಗಂಟೆಗೆ ಮೂವತ್ತು ಕಿಲೋಮೀಟರಿಗಿಂತ ಹೆಚ್ಚು ಹೋಗುವಂತಿಲ್ಲ ಎಂಬುದು ಕಾಯ್ದೆ. ಜನ ನಡೆದಾಡದ ರಸ್ತೆ ಎಂಬುದು ನಮ್ಮಲ್ಲಿ ಇಲ್ಲವೇ ಇಲ್ಲವಾದ್ದರಿಂದ ಎಲ್ಲೆಲ್ಲೂ ಮೂವತ್ತೇ. ದೂರದ ಊರಿಗೆ ರೈಲು ಇದೆ, ಅದು ನೋಡನೋಡುತ್ತಲೇ ಮಾಯವಾಗುತ್ತದೆ. ರೋಗಿಗಳನ್ನೂ ಹೆರಿಗೆ ನೋವು ಬಂದವರನ್ನೂ ಒಯ್ಯುವ ಜೀವಬಂಡಿಗೆ ಮಾತ್ರ ಕಡಿವಾಣವಿಲ್ಲ. ಅದು ಬರುವ ಮುಂಚೆ ರಸ್ತೆಯೇ ಗಂಟೆ ಬಾರಿಸಿ ಎಲ್ಲರನ್ನೂ ಬದಿಗೆ ಸರಿಸುತ್ತದೆ.

ನೀವು ಪುಣೆ–ಬೆಂಗಳೂರು ಹೆದ್ದಾರಿ ಎನ್ನುತ್ತಿದ್ದಿರಲ್ಲ, ಅದರ ಮೇಲೆ ಈಗ ನಮ್ಮ ಕಾಯಿಪಲ್ಲೆ ಪೇಟೆ ನಡೆಯುತ್ತದೆ. ಬಂಡಿಗಳಿಗೆ ಎರಡು ಸಾಲು ಬಿಟ್ಟು ಮಿಕ್ಕ ಜಾಗದಲ್ಲಿ ಹೆಂಗಸರು ಮೆಣಸಿನಕಾಯಿ ಒಣಹಾಕುತ್ತಾರೆ, ಮುದುಕರು ಕಟ್ಟೆಯ ಮೇಲೆ ಕೂತು ಊರಿನವರ ತಪ್ಪು ಎಣಿಸುತ್ತಾರೆ, ನಾಯಿಗಳು ನಡುರಸ್ತೆಯಲ್ಲೇ ಕಾಲು ಚಾಚಿ ಮಲಗುತ್ತವೆ. ನಿಮ್ಮ ಕಾಲದ ನಾಯಿಗಳ ಗತಿ ಪತ್ರಿಕೆಯಲ್ಲಿ ಎಲ್ಲೂ ಸಿಕ್ಕಿಲ್ಲ, ಊಹಿಸಲು ಮನಸ್ಸಾಗುವುದಿಲ್ಲ.

ಇನ್ನೊಂದು ಪದ್ಧತಿಯನ್ನು ಹೇಳದೆ ಮುಂದಿನದು ಅರ್ಥವಾಗದು. ಯಾರಾದರೂ ರಸ್ತೆಯಲ್ಲಿ ಸತ್ತರೆ ನಮ್ಮಲ್ಲಿ ಆ ರಸ್ತೆಗೆ ಸೂತಕ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಹಾಗೆ ಆ ರಸ್ತೆಯ ಮೇಲೆ ಗಾಲಿ ಉರುಳುವುದಿಲ್ಲ. ಊರಕೂಟ ಸೇರಿ, ಯಾವ ಕಟ್ಟಳೆ ಇದ್ದಿದ್ದರೆ ಈ ಜೀವ ಉಳಿಯುತ್ತಿತ್ತು ಎಂದು ವಿಚಾರ ಮಾಡುತ್ತದೆ. ಉತ್ತರ ಸಿಕ್ಕ ಮೇಲೆಯೇ ಸೂತಕ ಕಳೆಯುವುದು. ರಾಣೆಬೆನ್ನೂರಿನ ಕೊನೆಯ ರಸ್ತೆಸೂತಕ ನಾನು ಕುಂಟೆಬಿಲ್ಲೆ ಆಡುವ ವಯಸ್ಸಿನಲ್ಲಿ ಆದದ್ದು. ಅಷ್ಟುದ್ದದ ಖಾಲಿ ರಸ್ತೆ ನಮಗೇ ಬಿಟ್ಟಿದ್ದಾರೆ ಎಂಬ ಸಂತೋಷ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಸತ್ತವರು ಗಂಡಸೋ ಹೆಂಗಸೋ, ಅದೂ ನನಗೆ ನೆನಪಿಲ್ಲ. ಆ ಬಳಿಕ ಯಾರೂ ಸತ್ತಿಲ್ಲ. ರಸ್ತೆಯಲ್ಲಿ ಸಾಯುವುದನ್ನು ಕಂಡವರೇ ಊರಿನಲ್ಲಿ ಇಲ್ಲವಾದರು. ನನ್ನ ಕಥೆಯ ತೊಡಕು ಶುರುವಾಗುವುದು ಇಲ್ಲಿಂದಲೇ.

ಇಪ್ಪತ್ತು ವರ್ಷದಿಂದ ನಾನು ಈ ಸಂಗ್ರಹಶಾಲೆಯನ್ನು ನೋಡಿಕೊಳ್ಳುತ್ತಿದ್ದೇನೆ. ನಿಮ್ಮ ಮೇಲ್ಸೇತುವೆಯ ಕೆಳಗಿನ ಜಾಗವನ್ನೇ ಗೋಡೆ ಕಟ್ಟಿ ಕೋಣೆ ಮಾಡಿದ್ದಾರೆ. ಒಳಗೆ ಕಾಲಿಟ್ಟ ಕೂಡಲೇ ಇಳಿಮೆಟ್ಟಿಲು. ಒಂದು ಮೆಟ್ಟಿಲು ಎಂದರೆ ಒಂದು ವರ್ಷ, ಅದರ ಎತ್ತರ ಎಂದರೆ ಆ ವರ್ಷ ರಸ್ತೆಯಲ್ಲಿ ಸತ್ತವರು. ನಿಮ್ಮ ಕಾಲದಿಂದ ಹತ್ತಿ ನಮ್ಮ ಕಾಲಕ್ಕೆ ಇಳಿಯಬೇಕು. ಮೊದಲಲ್ಲಿ ಕಾಯ್ದೆಯ ಮೇಲೆ ಕಾಯ್ದೆ ಬಂದರೂ ಮೆಟ್ಟಿಲು ಏರುತ್ತಲೇ ಹೋಗುತ್ತದೆ, ಮೊಣಕಾಲು ನೋಯುತ್ತದೆ. ಕಾಯ್ದೆಯನ್ನು ಜಾರಿಗೆ ತರುವವರು ರಸ್ತೆಗೆ ಇಳಿದ ವರ್ಷದಿಂದ ತುಸು ತಗ್ಗು. ಕುಡಿದು ಓಡಿಸುವುದಕ್ಕೆ ಬಿಗಿಯಾದಾಗ ಇನ್ನಷ್ಟು. ಬಿದ್ದವರನ್ನು ಆಸ್ಪತ್ರೆಗೆ ಒಯ್ದವರನ್ನು ಸ್ಟೇಷನ್ನಿಗೆ ಅಲೆಸಬಾರದು ಎಂಬ ಮಾತು ಜನರ ಕಿವಿಗೆ ನಿಜವಾಗಿ ಮುಟ್ಟಿದಾಗ ಒಂದು ದೊಡ್ಡ ಇಳಿತ. ಕಡಿವಾಣ ಬಂದ ಮೇಲೆ ಮಕ್ಕಳು ಒಂದೇ ನೆಗೆತಕ್ಕೆ ಕೆಳಗೆ ಬರುತ್ತಾರೆ. ಕೊನೆಯಲ್ಲಿ ಬರೀ ನೆಲ. ಶಾಲೆಯ ಮಕ್ಕಳಿಗೆ ಇದು ಜಾರುಬಂಡೆಯಷ್ಟೇ ಇಷ್ಟ, ಅದರ ಅರ್ಥವೂ ಅವರಿಗೆ ಜಾರುಬಂಡೆಯಷ್ಟೇ.

ಒಳಗಿನ ವಸ್ತುಗಳ ಬಗ್ಗೆ ನಿಮ್ಮನ್ನು ಕೇಳಬೇಕಾದ್ದು ಬೆಟ್ಟದಷ್ಟಿದೆ. ನಿಮ್ಮ ಬರಹವನ್ನೆಲ್ಲ ನೀವು ಗಾಳಿಯಲ್ಲಿ ತೂಗುಹಾಕಿಟ್ಟಿದ್ದಿರಿ, ಗಾಳಿ ಒಯ್ದಿತು. ಕಾಗದದ ಮೇಲಿನ ಒಂದಷ್ಟು ಚಿತ್ರ, ತಗಡಿನ ಮೇಲಿನ ಒಂದಷ್ಟು ಅಕ್ಷರ ಉಳಿದಿವೆ. ಹೊಸ ಕಾರಿನ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಹಿಸುಕುತ್ತಿದ್ದಿರಿ. ಗಾಲಿಯ ಗಾಳಿ ಸರಿಯಿದೆಯೇ ಎಂದು ನೋಡುವ ವಿಧಾನ ಎಂದು ನಮ್ಮ ಫಲಕದಲ್ಲಿದೆ. ಒಂದು ಕಬ್ಬಿಣದ ಕೊಂಡಿ ಇದೆ, ಕಾರಿನ ಸೀಟಿನ ಪಟ್ಟಿಯ ತುದಿಗೆ ಇರುವಂಥದ್ದೇ. ಆದರೆ ಅದಕ್ಕೆ ಪಟ್ಟಿ ಇಲ್ಲ, ಎಂದೂ ಇದ್ದಂತಿಲ್ಲ, ಬರೀ ನಾಲಿಗೆ. ಏನೆಂದು ತಿಳಿಯದೆ 'ಪೂಜೆಯ ವಸ್ತು ಇರಬಹುದು' ಎಂದು ಬರೆಸಿದ್ದೇವೆ. ತಿಳಿಯದ್ದನ್ನೆಲ್ಲ ಪೂಜೆಗೆ ಹಚ್ಚುವುದು ಪಂಡಿತರ ಹಳೆಯ ಚಾಳಿ.

ಎಲ್ಲಕ್ಕಿಂತ ಹೆಸರಾದದ್ದು ಕೋಣೆಯ ನಡುವಿನ ಬೊಂಬೆ. ಆಳೆತ್ತರದ ಗಂಡಸು ದ್ವಿಚಕ್ರದ ಮೇಲೆ ಕೂತಿದ್ದಾನೆ. ತಲೆಯ ಮೇಲೆ ಏನೂ ಇಲ್ಲ, ಕೂದಲು ಗಾಳಿಗೆ ಹಾರುವಂತೆ ಮಾಡಿದ್ದಾರೆ. ಎಡಗೈಯ ಮೊಣಕೈಗೆ ಒಂದು ದೊಡ್ಡ ಗುಂಡನೆಯ ಬುರುಡೆ ಸಿಕ್ಕಿಸಿಕೊಂಡಿದ್ದಾನೆ. ಫಲಕ: 'ಮೊಣಕೈ ಕಾಪು'. ಊಹೆಯೇನೂ ಅಲ್ಲ, ಒಬ್ಬ ಪಂಡಿತರು ನೂರಾರು ಚಿತ್ರ ನೋಡಿ ಬರೆದದ್ದು. ಹೆಚ್ಚಿನ ಚಿತ್ರಗಳಲ್ಲಿ ಸವಾರರು ಅದನ್ನು ಮೊಣಕೈಗೇ ಹಾಕಿಕೊಂಡಿದ್ದಾರೆ. ತಲೆಯ ಮೇಲೆ ಇಟ್ಟುಕೊಂಡ ಕೆಲವು ಚಿತ್ರಗಳಲ್ಲಿ ಹತ್ತಿರದಲ್ಲೇ ಖಾಕಿ ತೊಟ್ಟ ಪೊಲೀಸರು ಇದ್ದಾರೆ; ಅಧಿಕಾರಿ ಕಂಡಾಗ ಗೌರವಕ್ಕಾಗಿ ಕಾಪನ್ನು ಪೇಟದಂತೆ ತಲೆಗೇರಿಸಿಕೊಳ್ಳುವುದು ಆ ಕಾಲದ ಮರ್ಯಾದೆ ಎಂದು ಪಂಡಿತರು ತೀರ್ಮಾನಿಸಿದರು. 'ಹೆಲ್ಮೆಟ್ ಧರಿಸಿ, ಜೀವ ಉಳಿಸಿ' ಎಂಬ ತಗಡಿನ ಫಲಕವೂ ನಮ್ಮಲ್ಲಿದೆ. ಎಲ್ಲಿಗೆ ಧರಿಸಬೇಕು ಎಂದು ನೀವು ಬರೆಯಲಿಲ್ಲ. ನಿಮ್ಮ ಜನ ಬೀಳುವಾಗ ಮೊಣಕೈ ಊರಿ ಬೀಳುತ್ತಿದ್ದರು ಎಂದು ನಾನು ಇಪ್ಪತ್ತು ವರ್ಷ ಗಂಭೀರವಾಗಿ ವಿವರಿಸಿದ್ದೇನೆ. ನಗಬೇಡಿ. ನಗುವುದಾದರೂ ಮುಂದಿನದನ್ನು ಓದಿ ನಗಿ.

ನನ್ನ ಸೊಸೆ ಕೇಳುಬಂಡಿ ರಿಪೇರಿಯವಳು. ಅವಳ ಗ್ಯಾರೇಜು ಮನೆಗೆ ಹೊಂದಿಕೊಂಡೇ ಇದೆ, ಸೀರೆಯ ಸೆರಗಿನಲ್ಲಿ ಸದಾ ಎಣ್ಣೆಯ ಕಲೆ. ಬಂಡಿಯ ಸದ್ದು ಕೇಳಿಯೇ ಅದಕ್ಕೆ ಏನು ಬೇನೆ ಎಂದು ಹೇಳುತ್ತಾಳೆ. ಅವಳ ತವರು ಮುಂಡರಗಿ, ರೈಲು ಇಲ್ಲದ ಊರು. ಹೋದ ವರ್ಷ ಸುಗ್ಗಿಯ ದಿನಗಳಲ್ಲಿ ಬೆಳಿಗ್ಗೆ ಅವಳ ತಮ್ಮನಿಂದ ಸುದ್ದಿ ಬಂತು: ಅವ್ವನಿಗೆ ಉಸಿರು ಹಿಡಿಯುತ್ತಿದೆ, ನಿನ್ನನ್ನೇ ಕೇಳುತ್ತಿದ್ದಾಳೆ. ದ್ಯಾಮವ್ವ ಕೈ ಕೂಡ ತೊಳೆಯದೆ ಬಂಡಿ ಹತ್ತಿದಳು. ಬಂಡಿ ಮೂವತ್ತರಲ್ಲಿ ಹೋಯಿತು. ನೂರು ಓಡುವ ಶಕ್ತಿ ಆ ಯಂತ್ರದಲ್ಲಿದೆ ಎಂಬುದು ಅವಳಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ, ತನ್ನ ಕೈಯಾರೆ ಬಿಚ್ಚಿ ಜೋಡಿಸಿದ ಯಂತ್ರವದು. ಹಳ್ಳಿ ಬಂದಲ್ಲೆಲ್ಲ ಇನ್ನೂ ನಿಧಾನ, ಕುರಿ ಹಿಂಡು ಬಂದಲ್ಲಿ ನಿಂತೇ ನಿಂತಿತು. ಅವಳು ತವರಿನ ಹೊಸ್ತಿಲು ತುಳಿದಾಗ ಅವ್ವನ ಕಣ್ಣು ಮುಚ್ಚಿ ಆಗಿತ್ತು. ಹಣೆ ಮುಟ್ಟಿದಳಂತೆ, ಇನ್ನೂ ಬಿಸಿ ಇತ್ತಂತೆ.

ತಿಂಗಳುಗಟ್ಟಲೆ ಅವಳು ಗ್ಯಾರೇಜಿನಲ್ಲೇ ದಿನ ಕಳೆದಳು. ಆಮೇಲೆ ಒಂದು ದಿನ ರೊಟ್ಟಿ ಬಡಿಯುತ್ತಾ ಹೇಳಿದಳು, "ಅತ್ತಿ, ನಾ ಊರಕೂಟದಾಗ ಅರ್ಜಿ ಹಾಕ್ತೀನ್ರಿ. ಕಡಿವಾಣ ತಗೀಬೇಕು ಅಂತ."

ನಾನು ಬೇಡವೆಂದೆ. ಇಳಿಮೆಟ್ಟಿಲು ತೋರಿಸಿದೆ. ಅವಳು ಮೆಟ್ಟಿಲ ಮೇಲೆ ಕೂತು ಶಾಂತವಾಗಿಯೇ ಉತ್ತರಿಸಿದಳು. "ಕಾಯ್ದೆ ಬಂತು, ಸಾವು ಇಳದ್ವು. ಖರೆ. ಆದ್ರ ಮುದುಕಿ ಕೋಳಿ ಕೂಗ್ತಂತ ಬೆಳಕು ಹರೀತೇನ್ರಿ? ಮಂದಿಗೆ ಬುದ್ಧಿ ಬಂತು, ಅದಕ್ಕ ಇಳದ್ವು. ಆಗಿನವ್ರಿಗೆ ತಿಳೀತಿರಲಿಲ್ಲ. ತೆಲಿ ಬಿಟ್ಟು ಮೊಣಕೈ ಕಾಯ್ಕೊಂತ ತಿರುಗ್ಯಾರ. ಅಂಥವ್ರಿಗೆ ಕಾಯ್ದೆ ಬೇಕಿತ್ತು. ನಮಗ ತಿಳುವಳಿಕಿ ಐತಿ. ನಡ್ಯಾಕ ಕಲತ ಕೂಸಿಗೆ ಇನ್ನೂ ಗೋಡಿ ಹಿಡ್ಕೊಂಡ ನಡಿ ಅಂದ್ರ ಹೆಂಗ್ರಿ?"

ಕಾಯ್ದೆಯಿಂದ ಉಳಿದ ಒಬ್ಬನನ್ನಾದರೂ ತೋರಿಸೋಣವೆಂದರೆ ಅವನು ಸಿಗುವುದಿಲ್ಲ. ಸತ್ತವರಿಗೆ ಹೆಸರಿದೆ, ಊರಿದೆ, ಪತ್ರಿಕೆಯಲ್ಲಿ ಫೋಟೋ ಇದೆ. ಉಳಿದವರಿಗೆ ತಾವು ಉಳಿದದ್ದೇ ಗೊತ್ತಿಲ್ಲ. ಅವರು ಸಂಜೆ ಮನೆಗೆ ಹೋಗಿ ಸಾರಿಗೆ ಉಪ್ಪು ಕಡಿಮೆಯಾಯಿತೆಂದು ಗೊಣಗಿ ಮಲಗಿದ್ದಾರೆ, ಅಷ್ಟೇ. ಒಂದೇ ಒಲೆಯ ಮುಂದೆ ನಾವಿಬ್ಬರೂ ಎರಡು ಪಕ್ಷವಾದೆವು. ಊರಿನ ಹರೆಯದವರೆಲ್ಲ ಅವಳ ಕಡೆ, ಮುದುಕರಲ್ಲೂ ಅರ್ಧದಷ್ಟು ಅವಳ ಕಡೆ. ನನಗೆ ಸಿಟ್ಟು ಬರುತ್ತಿತ್ತು, ಅವಳ ಮುಖ ನೋಡಿದರೆ ಬೈಯುವುದು ಬಿಟ್ಟು ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದೆ. ಕಡಿವಾಣ ಹೋಗುವುದು ಬಹುತೇಕ ಖಚಿತವಾಗಿತ್ತು.

ಕೂಟಕ್ಕೆ ಎರಡು ದಿನ ಇದ್ದಾಗ ಅವಳು ಬೊಂಬೆಯ ಕೈಯಿಂದ ಕಾಪನ್ನು ಬಿಡಿಸಿಕೊಂಡು ಒಯ್ದಳು. ಜನರ ಮುಂದೆ ಎತ್ತಿ ಹಿಡಿದು, ನೋಡಿ, ಇವರ ತಿಳುವಳಿಕೆ ಇಷ್ಟಿತ್ತು ಎಂದು ತೋರಿಸುವ ಆಲೋಚನೆ. ನಾನು ತಡೆಯಲಿಲ್ಲ; ಸಂಗ್ರಹಶಾಲೆಯ ವಸ್ತು ಊರಿನ ವಸ್ತು, ಕೇಳಿದವರಿಗೆ ಕೊಡುವುದು ರೂಢಿ.

ಮಧ್ಯಾಹ್ನ ಊಟದ ಹೊತ್ತಿಗೆ ಗ್ಯಾರೇಜಿನಿಂದ ಯಾರೋ ಹಂಡೆಯೊಳಗೆ ಮುಖ ಹಾಕಿ ಕೂಗಿದಂತೆ "ಅತ್ತಿ, ಅತ್ತಿ" ಎಂದು ಕೇಳಿಸಿತು. ಹೋಗಿ ನೋಡಿದರೆ ದ್ಯಾಮವ್ವ ನಿಂತಿದ್ದಾಳೆ. ಅವಳಿಗೆ ತಲೆಯೇ ಇಲ್ಲ. ಕುತ್ತಿಗೆಯ ಮೇಲೆ ಆ ದೊಡ್ಡ ಬುರುಡೆ, ಗಾಜಿನ ಹಿಂದೆ ಎರಡು ಕಣ್ಣು ಪಿಳಿಪಿಳಿ.

"ಇದು ಮೊಣಕೈದಲ್ಲರೀ," ಎಂದಳು ಒಳಗಿನಿಂದ. "ಒಳಗ ಗಾದಿ ಹಾಕ್ಯಾರ, ಕಿವಿಗೆ ಜಾಗ ಬಿಟ್ಟಾರ. ಈ ಪಟ್ಟಿ ಗದ್ದಕ್ಕ ಕಟ್ಟೂದು. ಮೊಣಕೈಗೆ ಗದ್ದ ಇರ್ತೇನ್ರಿ?"

ಯಂತ್ರ ಬಿಚ್ಚುವವರ ಕಣ್ಣೇ ಬೇರೆ. ವಸ್ತು ಏನೆಂದು ಪಂಡಿತರು ಚಿತ್ರ ನೋಡಿ ಹೇಳಿದರು. ಇವಳು ಒಳಗೆ ಕೈ ಹಾಕಿ ನೋಡಿದಳು. ನಾವಿಬ್ಬರೂ ನೆಲದ ಮೇಲೆ ಕೂತು ಕಣ್ಣೀರು ಬರುವಷ್ಟು ನಕ್ಕೆವು. ಅವಳ ಅವ್ವ ಹೋದ ಮೇಲೆ ಅವಳು ನಕ್ಕದ್ದು ಅಂದೇ ಮೊದಲು. ಇಪ್ಪತ್ತು ವರ್ಷ ನಾನು ಶಾಲೆಯ ಮಕ್ಕಳಿಗೆ ಮೊಣಕೈ ತೋರಿಸಿ ಪಾಠ ಹೇಳಿದ್ದನ್ನು ಅವಳು ಅಣಕಿಸಿ ತೋರಿಸಿದಳು. ನಗುತ್ತಿದ್ದವಳು ತಟ್ಟನೆ ನಗು ನಿಲ್ಲಿಸಿದಳು. ಬುರುಡೆಯನ್ನು ತಲೆಯಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು.

"ಹಂಗಾರ ಅವರೆಲ್ಲ ಇದನ್ನ ಯಾಕ ಕೈಗೆ ಹಾಕ್ಕೊಂಡಾರ?"

ಇಬ್ಬರೂ ಸಂಗ್ರಹಶಾಲೆಗೆ ಹೋಗಿ ಚಿತ್ರಗಳನ್ನೆಲ್ಲ ಮತ್ತೆ ಹರಡಿಕೊಂಡೆವು. ಒಂದರಲ್ಲಿ ಬೊಂಬೆಯಂಥವನೇ ಒಬ್ಬ ಗಂಡಸು, ಮುಂದೆ ಪುಟ್ಟ ಮಗು, ಹಿಂದೆ ಹೆಂಡತಿ; ಕಾಪು ಮೊಣಕೈಯಲ್ಲಿ. ಇನ್ನೊಂದರಲ್ಲಿ ವೃತ್ತದ ಹತ್ತಿರ ಪೊಲೀಸರು, ಸವಾರರೆಲ್ಲರ ತಲೆಯ ಮೇಲೂ ಕಾಪು. ಅದೇ ವೃತ್ತದ ಆಚೆ ಬದಿ, ಪೊಲೀಸರ ಬೆನ್ನ ಹಿಂದೆ, ಒಬ್ಬ ಆಗಲೇ ಅದನ್ನು ಬಿಚ್ಚುತ್ತಿದ್ದಾನೆ. ಆ ಚಿತ್ರವನ್ನು ನಾನು ಸಾವಿರ ಸಲ ನೋಡಿದ್ದೆ. ಮರ್ಯಾದೆ ಮುಗಿಸಿ ಪೇಟ ತೆಗೆಯುತ್ತಿದ್ದಾನೆ ಎಂದುಕೊಂಡಿದ್ದೆ.

ದ್ಯಾಮವ್ವ ಎದ್ದು ಹೋಗಿ ಪೂಜೆಯ ವಸ್ತುಗಳ ಸಾಲಿನಿಂದ ಆ ಪಟ್ಟಿಯಿಲ್ಲದ ಕೊಂಡಿಯನ್ನು ತಂದಳು. ಮೂಲೆಯಲ್ಲಿದ್ದ ಹಳೆಯ ಕಾರಿನ ಬಾಗಿಲು ತೆಗೆದು, ಸೀಟಿನ ಬದಿಯ ಸೀಳಿಗೆ ಅದನ್ನು ತುರುಕಿದಳು. ಟಕ್ಕೆಂದು ಕೂತಿತು. "ಪಟ್ಟಿ ಕಟ್ಟಿಕೊಳ್ಳದಿದ್ರ ಈ ಗಾಡಿ ಒದರತಿತ್ತು ಕಾಣಸ್ತತಿ," ಎಂದಳು. "ಒದರಬಾರ್ದಂತ ಇದನ್ನ ಹಾಕ್ಯಾರ. ಪಟ್ಟಿ ಕಟ್ಟಿಕೊಳ್ಳಾಕ ಬ್ಯಾಸರ, ಇದನ್ನ ಕೊಂಡು ತರಾಕ ಬ್ಯಾಸರ ಇಲ್ಲ."

ಹಿರಿಯರೇ, ಇಲ್ಲಿ ನಿಲ್ಲಿಸಿ ನಿಮ್ಮನ್ನು ಕೇಳಬೇಕು ಅನ್ನಿಸುತ್ತದೆ. ಬೈಯಲು ಅಲ್ಲ, ನಿಜವಾಗಿಯೂ ತಿಳಿದುಕೊಳ್ಳಲು. ಅದನ್ನು ಮಾಡಿದ ಕಮ್ಮಾರ ಯಾರು? ಅಂಗಡಿಯಲ್ಲಿ ಏನೆಂದು ಹೇಳಿ ಕೇಳುತ್ತಿದ್ದಿರಿ? ನಿಮ್ಮನ್ನು ಉಳಿಸಲೆಂದೇ ಕೂಗುವ ಯಂತ್ರದ ಬಾಯಿಗೆ ಬಟ್ಟೆ ತುರುಕಿ, ಅದೇ ಕೈಯಿಂದ ದೇವರ ಫೋಟೋಗೆ ಹೂವಿಟ್ಟು ಹೊರಡುತ್ತಿದ್ದಿರಲ್ಲ, ಆಗ ಮನಸ್ಸಿನಲ್ಲಿ ಏನು ಇರುತ್ತಿತ್ತು? ಸೆಕೆಯೇ? ಕೂದಲು ಕೆಡುವ ಚಿಂತೆಯೇ? ಇಲ್ಲೇ ಹೋಗಿ ಬರುತ್ತೇನೆ ಎಂಬ ಧೈರ್ಯವೇ? ನೀವು ದಡ್ಡರಲ್ಲ. ಅಷ್ಟು ದೊಡ್ಡ ಸೇತುವೆ ಕಟ್ಟಿದವರು, ಅದರ ನೆರಳಿನಲ್ಲಿ ಈಗಲೂ ನಾವು ಕೂತಿದ್ದೇವೆ. ನಿಮಗೆ ತಿಳಿದಿತ್ತು. ಜೀವ ಉಳಿಸುವ ವಸ್ತು ಕೈಯಲ್ಲೇ ಇತ್ತು, ತಲೆಗೂ ಅದಕ್ಕೂ ನಡುವೆ ಒಂದು ಮೊಳವೂ ಇರಲಿಲ್ಲ. ಆ ಮೊಳದಷ್ಟು ದೂರವನ್ನು ನಿಮ್ಮ ತಿಳುವಳಿಕೆ ದಾಟಿಸಲಿಲ್ಲ, ವೃತ್ತದಲ್ಲಿ ನಿಂತ ಪೊಲೀಸರು ದಾಟಿಸಿದರು.

ದ್ಯಾಮವ್ವನಿಗೂ ಇದು ಹೊಳೆದಿತ್ತು. ಅವಳ ವಾದವೆಲ್ಲ ನಿಂತದ್ದು ಒಂದೇ ಕಂಬದ ಮೇಲೆ: ಆಗಿನವರಿಗೆ ತಿಳಿದಿರಲಿಲ್ಲ, ನಮಗೆ ತಿಳಿದಿದೆ. ಆ ಕಂಬವನ್ನು ಅವಳ ಕೈಯೇ ಕಿತ್ತಿತ್ತು. ಕಾಪನ್ನು ಮರಳಿ ಬೊಂಬೆಯ ಮೊಣಕೈಗೆ ಸಿಕ್ಕಿಸಿ ಸುಮ್ಮನಾಗಿದ್ದರೆ ಕೇಳುವವರು ಯಾರೂ ಇರಲಿಲ್ಲ. ಅತ್ತೆಯಾದ ನನಗೆ ನಿಜ ಗೊತ್ತಿತ್ತು. ಆದರೆ ಮನೆಯ ಸೊಸೆಯ ಮಾತನ್ನು ಊರ ಮುಂದೆ ನಾನಾಗಿ ಮುರಿಯುತ್ತಿದ್ದೆನೇ? ಇಂದಿಗೂ ಹೇಳಲಾರೆ. ಆ ಪರೀಕ್ಷೆಯನ್ನು ಅವಳು ನನಗೆ ತರಲಿಲ್ಲ.

ಊರಕೂಟದ ದಿನ ಹೆದ್ದಾರಿಯ ಮೇಲೆ ಜಮಖಾನ ಹಾಸಿತ್ತು. ಕೂಟದ ಹಿರಿಯ ಫಕೀರಪ್ಪ ಅರ್ಜಿ ಓದಿದ. ದ್ಯಾಮವ್ವ ಎದ್ದು ನಿಂತಳು, ಕಾಪನ್ನು ತಲೆಗೆ ಹಾಕಿಕೊಂಡು ಗದ್ದದ ಪಟ್ಟಿ ಬಿಗಿದಳು. ಜನ ಬಿದ್ದು ಬಿದ್ದು ನಕ್ಕರು. ನಗು ತಗ್ಗುವವರೆಗೆ ಕಾದು, ಅದನ್ನು ತೆಗೆದು, ಚಿತ್ರಗಳನ್ನು ಒಂದೊಂದಾಗಿ ತೋರಿಸಿದಳು. ಕೊಂಡಿಯನ್ನೂ ತೋರಿಸಿದಳು. ಕೊನೆಗೆ ನಗುವವರು ಯಾರೂ ಉಳಿಯಲಿಲ್ಲ.

"ನಾ ಇವ್ರನ್ನ ತಿಳಿಗೇಡಿ ಮಂದಿ ಅಂದಿದ್ದೆ," ಎಂದಳು. "ಇವ್ರಿಗೆ ನಮ್ಮಷ್ಟ ತಿಳುವಳಿಕಿ ಇತ್ತು. ತಿಳಿದೂ ಹಾಕ್ಕೊಳ್ಳಲಿಲ್ಲ. ನಾಳೆ ನಾನೂ ಹಾಕ್ಕೊಳ್ಳೂದಿಲ್ಲ, ನೀವೂ ಹಾಕ್ಕೊಳ್ಳೂದಿಲ್ಲ. ನನ್ನ ಅರ್ಜಿ ನಾ ವಾಪಸ್ ತಗೋತೀನ್ರಿ."

ಫಕೀರಪ್ಪ ಒಳ್ಳೆಯ ಮನುಷ್ಯ. ಅವಳ ಅವ್ವನ ಸುದ್ದಿ ಅವನಿಗೆ ಗೊತ್ತು, ಊರಿಗೆಲ್ಲ ಗೊತ್ತು. "ತಂಗಿ, ಕಡಿವಾಣ ಇರ್ಲಿ," ಎಂದ. "ಆದ್ರ ಹೆತ್ತವ್ರ ಕೊನೀಗಾಲಕ್ಕ ಹೋಗೋರಿಗಷ್ಟ ಬಿಚ್ಚಿ ಕೊಡೂಣು. ನಿನಗಾದದ್ದು ಮತ್ತೊಬ್ರಿಗೆ ಆಗಬಾರ್ದು."

ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಇದಕ್ಕಿಂತ ನ್ಯಾಯವಾದ ಮಾತು ಏನಿದೆ ಎಂದುಕೊಂಡೆ. ದ್ಯಾಮವ್ವನ ಕೈ ಸೆರಗಿನ ಎಣ್ಣೆಯ ಕಲೆಯನ್ನು ಉಜ್ಜುತ್ತಿತ್ತು.

"ಬ್ಯಾಡ್ರಿ ಕಾಕಾ," ಎಂದಳು. "ಇವತ್ತು ಅವ್ವನ ಮುಖ ನೋಡಾಕ. ನಾಳೆ ಮದುವಿ ಮುಹೂರ್ತಕ್ಕ. ನಾಡ್ದು ಪರೀಕ್ಷಾಕ್ಕ. ಈ ಚಿತ್ರದಾಗಿನವ್ರು ಒಬ್ರೂ ಸುಮ್ನ ಓಡ್ಲಿಲ್ಲ ಅನಸ್ತತಿ. ಎಲ್ಲಾರ್ಗೂ ಒಂದು ಕಾರಣ ಇದ್ದೇ ಇತ್ತು."

ಕೈ ಎತ್ತಲು ಹೇಳಿದಾಗ ಕಡಿವಾಣ ಇದ್ದಂತೆಯೇ ಇರಲಿ ಎಂದಾಯಿತು. ಬಿಚ್ಚಿಕೊಡುವ ಮಾತು ಬಿದ್ದುಹೋಯಿತು. ಅವಳನ್ನು ಹೊಗಳಲು ಹತ್ತಿರ ಬಂದವರನ್ನು ದಾಟಿಕೊಂಡು ಅವಳು ಗ್ಯಾರೇಜಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಹೊರಗೆ ಕೂತು ಕಾದೆ. ಗೆದ್ದ ಪಕ್ಷದವಳು ನಾನು, ಇಬ್ಬರ ಊಟವನ್ನೂ ಮುಚ್ಚಿಟ್ಟೆ.

ಮೊನ್ನೆ ಅವಳ ಅವ್ವನ ವರ್ಷದ ಎಡೆ. ಇಬ್ಬರೂ ಮುಂಡರಗಿಗೆ ಹೊರಟೆವು. ಬುತ್ತಿ ಕಟ್ಟಿಕೊಂಡಿದ್ದೆವು, ಮೂವತ್ತರ ದಾರಿಗೆ ಬುತ್ತಿ ಬೇಕೇ ಬೇಕು. ಗುತ್ತಲ ದಾಟಿದ ಮೇಲೆ ಒಂದು ಹಳ್ಳಿಯ ಹತ್ತಿರ ಒಬ್ಬ ಮುದುಕ, ತಲೆಯ ಮೇಲೆ ಮೇವಿನ ಹೊರೆ, ಅತ್ತಿತ್ತ ನೋಡದೆ ರಸ್ತೆಗೆ ಇಳಿದ. ಹೊರೆ ಕಣ್ಣಿಗೆ ಅಡ್ಡ ಇತ್ತು. ಬಂಡಿ ಅವನಿಂದ ಮಾರು ದೂರದಲ್ಲಿ ಮೆತ್ತಗೆ ನಿಂತಿತು. ಬಂಡಿ ಬಂದದ್ದೂ ನಿಂತದ್ದೂ ಅವನಿಗೆ ತಿಳಿಯಲಿಲ್ಲ. ಏನೋ ಗುನುಗಿಕೊಳ್ಳುತ್ತಾ ತನ್ನ ಪಾಡಿಗೆ ದಾಟಿ ಓಣಿಯೊಳಗೆ ಹೋದ.

ದ್ಯಾಮವ್ವ ಬಂಡಿಯನ್ನು ಹೊರಡಿಸಲಿಲ್ಲ. ಓಣಿಯ ಕಡೆಗೇ ನೋಡುತ್ತಿದ್ದಳು.

"ಹೋದ ವರ್ಷಾನೂ ಇದ ಹಾದಿಲೆ ಬಂದಿದ್ನಿ, ಇದ ಹೊತ್ತಿಗೆ," ಎಂದಳು. "ಅವತ್ತು ನನಗ ಕಡಿವಾಣ ಇರಲಿಲ್ಲ ಅಂದ್ರ ಯಾರ್ಯಾರು ಅಡ್ಡ ಬರ್ತಿದ್ರೋ ಏನೋ ಅತ್ತಿ. ನಾ ನೋಡ್ತಿರಲಿಲ್ಲ. ನನ್ನ ಕಣ್ಣಾಗ ನಮ್ಮವ್ವ ಇದ್ಳು." ಆಮೇಲೆ ಅವಳು ಅತ್ತಳು. ಅವ್ವ ಸತ್ತ ದಿನ ಅತ್ತದ್ದಕ್ಕಿಂತ ಹೆಚ್ಚು ಅತ್ತಳು. ನಾನು ಬೆನ್ನು ಸವರುತ್ತಾ ಕೂತೆ. ಹಿಂದಿನ ಬಂಡಿಯವರು ಇಳಿದು ಬಂದು ನೋಡಿ, ಮರಳಿ ಹೋಗಿ ತಮ್ಮ ಬಂಡಿಯಲ್ಲಿ ಕೂತು ಕಾದರು. ಎಡೆ ಹಿಡಿಯುವ ಹೊತ್ತು ಮೀರಿ ನಾವು ಮುಂಡರಗಿ ಮುಟ್ಟಿದೆವು. ಅವಳ ತಮ್ಮ ಒಲೆ ಆರದಂತೆ ನೋಡಿಕೊಂಡು ಬಾಗಿಲಲ್ಲೇ ನಿಂತಿದ್ದ.

ಈ ಓಲೆ ನಿಮ್ಮ ಕೈಗೆ ಹೇಗೆ ಸೇರುತ್ತದೆ ಎಂದು ನನ್ನನ್ನು ಕೇಳಬೇಡಿ, ಕಳಿಸುವ ಹುರುಪಿನಲ್ಲಿ ಅದನ್ನು ಯೋಚಿಸಿಲ್ಲ. ನೀವು ಮಾಡಿದ ಮೊದಲ ಕಾಯ್ದೆಗಳು ನಿಮ್ಮ ಕಣ್ಣಿಗೆ ಸೋತಂತೆ ಕಂಡಿರಬಹುದು, ಮೆಟ್ಟಿಲು ಏರುತ್ತಲೇ ಇತ್ತಲ್ಲ. ಆದರೂ ಬಿಡಲಿಲ್ಲ ನೀವು, ಅದರ ಋಣ ನಮ್ಮ ಮೇಲಿದೆ. ಆ ಋಣದ ಭರವಸೆಯ ಮೇಲೆ ಒಂದು ಮಾತು ಕೇಳಿಕೊಳ್ಳುತ್ತೇನೆ. ನಿಮ್ಮ ಮನೆಯವರು ಯಾರಾದರೂ ಇಂದು ನಿಧಾನವಾಗಿ ಬಂದು, ಹೊತ್ತು ಮೀರಿ ಬಾಗಿಲು ತಟ್ಟಿಯಾರು. ಯಾಕೆ ತಡ ಎಂದು ಚೆನ್ನಾಗಿ ಬೈಯಿರಿ. ಬೈದು ಮುಗಿದ ಮೇಲೆ ಊಟಕ್ಕೆ ಬಡಿಸಿ.

ನಿಮ್ಮ,
ಇಂಚರಜ್ಜಿ